ಹಿಂದಿನ ಕೋಣೆಯ ಆಡಳಿತ

ಮಾರ್ಚ್ ೩, ಸೋಮವಾರ

ಈ ದಿನಚರಿಯನ್ನು ಮುಂದಿನ ಪೀಳಿಗೆಗಾಗಿ ಬರೆಯುತ್ತಿಲ್ಲ. ಮುಂದಿನ ಪೀಳಿಗೆಗೆ ಓದುವ ಚಾಳಿ ಇಲ್ಲ. ಈಗಿನ ಪೀಳಿಗೆಗೂ ಅಲ್ಲ. ನಡೆದ ಸಂಗತಿಯನ್ನು ಮನೆಯಲ್ಲಿ ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಮ್ಮ ಕೈಕಾಲು ತೊಳೆಯಲು ಹೋದಳು, ಹೆಂಡತಿ ಪಾತ್ರೆ ತೊಳೆಯಲು ಎದ್ದಳು. ಉಳಿದದ್ದು ಕಾಗದ. ಅದಕ್ಕೆ ಎದ್ದು ಹೋಗಲು ಕಾಲಿಲ್ಲ.

ಕೆಲಸ ಬಿಟ್ಟೆ. ಹದಿನಾರು ವರ್ಷ ಟೈಲ್ಸ್ ಮಳಿಗೆಯಲ್ಲಿ ದುಡಿದು, ಊರಿನ ಅರ್ಧ ಜನರ ಬಚ್ಚಲಿನ ಬಣ್ಣ ನಿರ್ಧರಿಸಿದವನು ನಾನು. ಹೋದ ತಿಂಗಳು ಗಿರಾಕಿಗಳು ನಡೆದುಕೊಂಡು ಬರುವ ದಾರಿಯ ಗೋಡೆಗೆ, ತಿಳಿಬಣ್ಣದಿಂದ ಗಾಢಬಣ್ಣಕ್ಕೆ ಟೈಲ್ಸ್ ಜೋಡಿಸಿದ್ದೆ. ಬಾಗಿಲಲ್ಲಿ ಬೆಳಗಾಗಿ ಕೌಂಟರಿನ ಹತ್ತಿರ ಸಂಜೆಯಾದಂತೆ ಕಾಣಬೇಕು, ಹಾಗೆ. ಇವತ್ತು ಮಾಲೀಕರು ಬಂದವರು ಅದರ ಮುಂದೆ ನಿಂತೇ ಬಿಟ್ಟರು. ನಮ್ಮ ಮ್ಯಾನೇಜರ್, ಅಂದರೆ ನಾವೆಲ್ಲ ಬೆನ್ನ ಹಿಂದೆ 'ದೊರೆ' ಎನ್ನುವವರು, ಟೈ ಸರಿಮಾಡಿಕೊಂಡು, "ನನ್ನ ಐಡಿಯಾ ಸಾರ್. ಇವರು ಸ್ವಲ್ಪ ಸಹಾಯ ಮಾಡಿದ್ರು" ಎಂದರು. ಮಾಲೀಕರು ನನ್ನ ಕಡೆ ನೋಡಿ ಸಹಾಯಕ್ಕೆ ಸಲ್ಲುವಷ್ಟು ಮುಗುಳ್ನಕ್ಕರು.

ಮಧ್ಯಾಹ್ನ ದೊರೆಯ ಕೋಣೆಗೆ ಹೋಗಿ, ವರ್ಷಗಳಿಂದ ಗಡ್ಡ ಹೆರೆಯುವಾಗ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ವಾಕ್ಯವನ್ನು ಹೇಳಿದೆ: "ನಾಳೆಯಿಂದ ನಾನು ಬರೋದಿಲ್ಲ."

ಅವರು ಯಾವುದೋ ಕಾಗದಕ್ಕೆ ಸಹಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ. "ಬಾಗಿಲು ಹಾಕ್ಕೊಂಡು ಹೋಗಿ. ಎಸಿ ಹೋಗುತ್ತೆ" ಎಂದರು.

ಹಾಕಿಕೊಂಡೆ. ಆಚೆ ಸ್ವಲ್ಪ ಹೊತ್ತು ನಿಂತೆ. ಕರೆಯುತ್ತಾರೆಂದಲ್ಲ, ಬೂಟಿನ ಲೇಸ್ ಕಟ್ಟಿಕೊಳ್ಳುತ್ತಿದ್ದೆ. ನಾನು ಹಾಕಿಕೊಂಡಿದ್ದುದು ಚಪ್ಪಲಿ ಎಂಬುದು ಬೇರೆ ಮಾತು.

ಪ್ರತಿಜ್ಞೆ: ಇನ್ನು ಮೇಲೆ ಯಾರ ಕೈಕೆಳಗೂ ಇರುವುದಿಲ್ಲ, ಯಾರನ್ನೂ ಕೈಕೆಳಗೆ ಇಟ್ಟುಕೊಳ್ಳುವುದೂ ಇಲ್ಲ. ದಿನಾಂಕ ಮೇಲಿದೆ.

ಮಾರ್ಚ್ ೬, ಗುರುವಾರ

ಹಗಲು ಹೊತ್ತು ಮನೆ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹತ್ತು ಗಂಟೆಗೆ ಊಟದ ಮೇಜಿನ ಮೇಲೆ ಬಿಸಿಲು ಬರುತ್ತದೆ. ಹನ್ನೊಂದಕ್ಕೆ ಅಮ್ಮ ಎದುರು ಮನೆಯವರ ಮೇಲೆ ಕಣ್ಣಿಡುವ ಪಾಳಿ ಶುರು ಮಾಡುತ್ತಾಳೆ. ಹನ್ನೊಂದೂವರೆಗೆ ಹೆಂಡತಿ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಊಟದ ಹೊತ್ತಿನವರೆಗೂ ಆ ಬಾಗಿಲು ತೆರೆಯುವುದಿಲ್ಲ.

ಅವಳು ಅಲ್ಲಿ 'ಏನೋ ಬಣ್ಣದ ಕೆಲಸ' ಮಾಡುತ್ತಾಳೆಂದು ಎರಡು ವರ್ಷದಿಂದ ಕೇಳಿದ್ದೆ. ಸಂಜೆ ಮನೆಗೆ ಬಂದಾಗ ಮೂಗಿಗೆ ಬಡಿಯುವ ವಾಸನೆಯ ರೂಪದಲ್ಲಿ ಪರಿಚಯವೂ ಇತ್ತು. ಇವತ್ತು ಒಳಗೆ ಕಾಲಿಡಹೋದೆ. ಅಮ್ಮ ಕಿಟಕಿಯಿಂದಲೇ, "ಈಗ ಬೇಡ ಕಣೋ. ಅವಳು ಒಳಗಿದ್ದಾಗ ನಾನು ಕೆಮ್ಮೋದೂ ಇಲ್ಲ" ಎಂದಳು. ನಮ್ಮ ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅಮ್ಮ ಯಾರ ಸಲುವಾಗಿಯೂ ಕೆಮ್ಮು ತಡೆದದ್ದನ್ನು ನಾನು ಕಂಡಿಲ್ಲ.

ಮಾರ್ಚ್ ೮, ಶನಿವಾರ

ಪ್ರವೇಶ ಸಿಕ್ಕಿತು. ಷರತ್ತುಗಳು: ಏನನ್ನೂ ಮುಟ್ಟಬಾರದು, ಬಾಗಿಲು ತೆರೆದಿಡಬಾರದು (ಧೂಳು ಕೂರುತ್ತದೆ), ದೊರೆಯ ಕಥೆ ಹೇಳಬಾರದು.

ಹೀಗಿದೆ ಸಂಗತಿ. ಕೆಲವು ಗುಂಡುಕಲ್ಲುಗಳಿರುತ್ತವಂತೆ, ಹೊರಗೆ ನೋಡಿದರೆ ನಮ್ಮ ಬೀದಿಯ ನಾಯಿಗೆ ಎಸೆಯುವ ಕಲ್ಲು, ಒಡೆದರೆ ಒಳಗೆ ಬಣ್ಣದ ಸುತ್ತುಗಳು, ನಡುವೆ ಹರಳು. ಜಿಯೋಡ್ ಎಂದು ಹೆಸರು. ನನ್ನ ಹೆಂಡತಿ ಆ ಕಲ್ಲಿನ ಹೋಳಿನಂಥ ಕೋಸ್ಟರುಗಳನ್ನು ಮಾಡುತ್ತಾಳೆ, ಕಪ್ಪಿನ ಕೆಳಗೆ ಇಡುವಂಥವು. ಎರಡು ಬಾಟಲಿ: ಒಂದರಲ್ಲಿ ರೆಸಿನ್ ಎಂಬ ಅಂಟುದ್ರವ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಎರಡನ್ನೂ ಕೆಮ್ಮಿನ ಔಷಧಿಯ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಕಪ್ಪಿನಲ್ಲಿ, ಅವಳೇ ಉಗುರುಬಣ್ಣದಿಂದ ಗೀಟು ಹಾಕಿದ ಮಟ್ಟಕ್ಕೆ ಅಳೆಯುತ್ತಾಳೆ. ಗುಳ್ಳೆ ಏಳದ ಹಾಗೆ, ತೂಕಡಿಸುವ ಮಗುವನ್ನು ತಟ್ಟುವಷ್ಟು ನಿಧಾನವಾಗಿ ಕಲಕುತ್ತಾಳೆ. ಅದನ್ನು ಮೂರೋ ನಾಲ್ಕೋ ಬಟ್ಟಲಿಗೆ ಹಂಚಿ ಬಣ್ಣದ ಪುಡಿ ಬೆರೆಸಿ, ಅಂಕುಡೊಂಕು ಅಂಚಿನ, ರಬ್ಬರಿನಂಥ ಸಿಲಿಕೋನ್ ಅಚ್ಚಿಗೆ ಒಂದರ ಪಕ್ಕ ಒಂದು ಸುರಿಯುತ್ತಾಳೆ. ಕಡ್ಡಿಯಿಂದ ಒಂದೇ ಒಂದು ಗೀರು. ಅಷ್ಟೇ. ಕೈ ತೆಗೆದು ಕೂರುತ್ತಾಳೆ.

ಬಣ್ಣಗಳು ತಾವೇ ಹರಿದು, ಒಂದರೊಳಗೊಂದು ಬೆರಳು ಚಾಚುತ್ತವೆ. ನಾಳೆ ಗಟ್ಟಿಯಾದ ಮೇಲೆ ಅಚ್ಚು ಸುಲಿದು, ಅಂಚಿಗೆ ಚಿನ್ನದ ಬಣ್ಣ ಬಳಿಯುವುದು.

"ಸುಮ್ಮನೆ ಕೂತಿದ್ದೀಯಲ್ಲ, ಇನ್ನೊಂದು ಸಲ ಕಲಕಬಾರದಾ?" ಎಂದು ಕೇಳಿದೆ.

"ಅದರ ಪಾಡಿಗೆ ಬಿಡಬೇಕು ರೀ. ನಾವು ಜಾಸ್ತಿ ಕೈ ಹಾಕಿದ್ರೆ ಎಲ್ಲಾ ಸೇರಿ ಕೆಸರಿನ ಬಣ್ಣ ಆಗುತ್ತೆ."

ಇದನ್ನೆಲ್ಲ ಯಾಕೆ ಮಾಡುತ್ತೀಯೆಂದು ಕೇಳಿದ್ದಕ್ಕೆ ಹೇಳಿದಳು: "ಇಲ್ಲಿರೋವಾಗ ನನ್ನನ್ನ ಯಾರೂ ಕರೆಯಲ್ಲ. ಯಾರೂ ಏನೂ ಹೇಳಲ್ಲ. ದಿನಕ್ಕೆ ಅಷ್ಟು ಹೊತ್ತು ಸಾಕು ನನಗೆ."

ಹೆಂಗಸರ ಆಸೆಗಳು ಎಷ್ಟು ಚಿಕ್ಕವು! ನನಗೆ ಮನಸ್ಸು ತುಂಬಿ ಬಂತು.

ಮಾರ್ಚ್ ೧೨, ಬುಧವಾರ

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ದೊರೆಯ ಪಾತ್ರ ಹಾಕಿದಳು. ಅವಳು ದೊರೆಯನ್ನು ನೋಡಿದ್ದು ಒಂದೇ ಸಲ. ಆದರೆ ಹದಿನಾರು ವರ್ಷ ನನ್ನಿಂದ ಕೇಳಿದ್ದಾಳೆ. ಸೌಟಿನ ಹಿಡಿಯಿಂದ ಮೇಜನ್ನು ಎರಡು ಸಲ ಟಕ್ ಟಕ್ ಎಂದು ಬಡಿದಳು. ದೊರೆ ಪೆನ್ನಿನಿಂದ ಬಡಿಯುತ್ತಾರೆ. ತೋರುಬೆರಳನ್ನು ಅನ್ನದ ಪಾತ್ರೆಯ ಅಂಚಿಗೆ ಸವರಿ, ಎತ್ತಿ, ದೀಪದ ಬೆಳಕಿಗೆ ಹಿಡಿದು ಧೂಳು ಹುಡುಕಿದಳು. ಆಮೇಲೆ ಹುಬ್ಬು ಏರಿಸಿ, ಮೂಗಿನಲ್ಲಿ, "ಇದನ್ನೂ ನಾನೇ ಹೇಳಬೇಕಾ?" ಎಂದಳು. ಅಮ್ಮ ನಕ್ಕು ನಕ್ಕು ನೀರು ಕುಡಿಯಬೇಕಾಯಿತು. ನನ್ನ ಕಣ್ಣಲ್ಲಿ ನೀರು. "ಇನ್ನೊಂದು ಸಲ, ಇನ್ನೊಂದು ಸಲ" ಎಂದು ನಾನೂ ಅಮ್ಮನೂ ಕಾಡಿದೆವು.

ಕೆಲಸ ಬಿಟ್ಟ ಮೇಲೆ ಮೊದಲ ಸಲ ಹೊಟ್ಟೆತುಂಬ ಊಟ ಮಾಡಿದೆ.

ಮಾರ್ಚ್ ೧೭, ಸೋಮವಾರ

ಅರ್ಜಿ ಹಾಕಿದ ಕಡೆಯಿಂದ ಉತ್ತರವಿಲ್ಲ. ಮಧ್ಯಾಹ್ನವೆಲ್ಲ ಹಿಂದಿನ ಕೋಣೆಯಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೆ. ಅಚ್ಚುಗಳನ್ನು ತೊಳೆದುಕೊಟ್ಟೆ. ಹೆಂಡತಿ ಬೇಡವೆಂದಳು, ಆಮೇಲೆ ಸುಮ್ಮನಾದಳು.

ಒಂದು ಸಲಹೆ ಕೊಟ್ಟೆ. ಸಲಹೆ ಮಾತ್ರ.

ಮಾರ್ಚ್ ೨೫, ಮಂಗಳವಾರ

ನಮ್ಮ ಮನೆಯ ಇತಿಹಾಸದಲ್ಲಿ ಯುಗಾರಂಭದ ದಿನ. ಬೀದಿಯ ಕೊನೆಯ ಹೂವಿನಂಗಡಿಯಾಕೆ ನಮ್ಮವಳ ಕೋಸ್ಟರುಗಳನ್ನು ಬಕೆಟ್ಟುಗಳ ಹಿಂದಿನ ಹಲಗೆಯ ಮೇಲೆ ಮಾರಲು ಇಟ್ಟುಕೊಂಡಿರುತ್ತಾಳೆ. ನಾನು ಹೋದಾಗ ಒಬ್ಬ ಹೆಂಗಸು ಅವನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು. ಕಚೇರಿಗಳ ಒಳಾಂಗಣ ಸಿಂಗರಿಸುವ ಕೆಲಸವಂತೆ. ಇನ್ನು ಮುಂದೆ ಈ ಪುಟಗಳಲ್ಲಿ ಅವಳು ಅಲಂಕಾರದಮ್ಮ. ಒಂದು ಹೊಸ ಕಚೇರಿಗೆ ನಲವತ್ತು ಕೋಸ್ಟರು ಬೇಕು: ಬೂದಿ, ನೀಲಿ, ಬಿಳಿ, ಕುರ್ಚಿಗಳ ಬಣ್ಣಕ್ಕೆ ಹೊಂದುವಂತೆ, ಮತ್ತು ಎಲ್ಲವೂ ಒಂದೇ ಥರ.

ಆಗಲಿ ಎಂದೆ. ಹದಿನಾರು ವರ್ಷ ಒಂದೇ ಥರದ ವಸ್ತುಗಳನ್ನು ಮಾರಿದವನು ನಾನು. ಈ ಮಾತು ನನ್ನ ಬಾಯಿಂದ ತಾನೇ ಬಂತು.

ಮನೆಗೆ ಬಂದು ಹೇಳಿದರೆ ಹೆಂಡತಿ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. "ನಲವತ್ತೂ ಒಂದೇ ಥರಾನಾ? ಹಾಗಾದ್ರೆ ಅದು ಕಲ್ಲಲ್ಲ ರೀ, ಟೈಲ್ಸು."

ಟೈಲ್ಸಿನ ಬಗ್ಗೆ ಈ ಮನೆಯಲ್ಲಿ ಇಷ್ಟು ಹಗುರಾದ ಮಾತು ಇದೇ ಮೊದಲು. ನುಂಗಿಕೊಂಡೆ. ನನ್ನನ್ನು ಕೇಳದೆ ಯಾಕೆ ಒಪ್ಪಿಕೊಂಡಿರಿ ಎಂದೂ ಕೇಳಿದಳು. ಹೀಗೊಂದು ಅವಕಾಶ ಬಂದಾಗ ಮನೆಗೆ ಬಂದು ಕೇಳಿಕೊಂಡು ಹೋಗಲು ಸಾಧ್ಯವೇ ಎಂದು ವಿವರಿಸಿದೆ. ಹೂವಿನಂಗಡಿಯಿಂದ ನಮ್ಮ ಮನೆ ಕಾಣುತ್ತದೆ ಎಂದಳು ಅಮ್ಮ. ಅವಳನ್ನು ಯಾರೂ ಕೇಳಿರಲಿಲ್ಲ.

ಕೊನೆಗೆ ಹೆಂಡತಿ ಹೂಂ ಎಂದಳು. "ನೀವು ಬಹಳ ದಿನದಿಂದ ಸಪ್ಪಗಿದ್ರಿ, ಅದಕ್ಕೆ" ಎಂದು ಸೇರಿಸಿದಳು. ಒಪ್ಪಿಗೆಗೆ ಕಾರಣ ಮುಖ್ಯವಲ್ಲ.

ಏಪ್ರಿಲ್ ೨, ಬುಧವಾರ

ಗೋಡೆಗೆ ಚಾರ್ಟ್ ಅಂಟಿಸಿದೆ. ಯಾವ ಬಣ್ಣ, ಎಷ್ಟು ಚಮಚ, ಯಾವ ಮೂಲೆಯಿಂದ ಸುರಿಯಬೇಕು, ಎಲ್ಲ ಇದೆ. ಸ್ಟೂಲಿನ ಬದಲು ಊಟದ ಮೇಜಿನ ಕುರ್ಚಿ ತಂದುಕೊಂಡೆ. ಸ್ಟೂಲು ಬೆನ್ನಿಗೆ ಒಳ್ಳೆಯದಲ್ಲ. ಕೋಣೆಯಲ್ಲಿ ಇನ್ನೊಂದು ಕುರ್ಚಿ ಹಿಡಿಸುವುದಿಲ್ಲವಾದ್ದರಿಂದ ಸ್ಟೂಲು ಅವಳಿಗೆ. ನಿಂತೇ ಕೆಲಸ ಮಾಡುವುದು ಅವಳಿಗೆ ಅಭ್ಯಾಸವಂತೆ. ಅವಳು ಹಾಗೆ ಹೇಳಲಿಲ್ಲ, ನಿಂತಿದ್ದಳು.

ಮೊದಲ ಆರು ಅಚ್ಚು ಸುಲಿದೆವು. ಆರೂ ಆರು ಥರ. ಒಂದರಲ್ಲಿ ನೀಲಿ ನಡುವಿಗೆ ನುಗ್ಗಿತ್ತು, ಇನ್ನೊಂದರಲ್ಲಿ ಅಂಚಿಗೇ ಅಂಟಿಕೊಂಡಿತ್ತು. ಅವಳು ಎರಡನೆಯದನ್ನು ಕಿಟಕಿಗೆ ಹಿಡಿದು, "ಇದು ನೋಡಿ, ಕೆರೆ ಮೇಲೆ ಮಂಜು ಎದ್ದ ಹಾಗಿದೆ" ಎಂದಳು. ನಾನು ಚಾರ್ಟಿನ ಕಡೆ ತೋರಿಸಿದೆ. ಚಾರ್ಟಿನಲ್ಲಿ ಕೆರೆ ಇಲ್ಲ.

ಏಪ್ರಿಲ್ ೧೧, ಶುಕ್ರವಾರ

ಒಂದೇ ಥರ ಬರುವ ಉಪಾಯ ಕಂಡುಹಿಡಿದೆ. ಸುರಿದ ಮೇಲೆ ಬಿಟ್ಟು ಕೂರುವುದೇ ತಪ್ಪು. ಹರಿಯಲು ಶುರುವಾದ ಬಣ್ಣವನ್ನು ಕಡ್ಡಿಯಿಂದ ಎಳೆದು ಎಳೆದು ಅದರ ಜಾಗದಲ್ಲೇ ನಿಲ್ಲಿಸಬೇಕು, ಗಟ್ಟಿಯಾಗುವವರೆಗೆ ಕಾವಲು ಕಾಯಬೇಕು. ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಸಾಲುವುದಿಲ್ಲ. ಈಗ ಎಂಟಕ್ಕೆ ಶುರು, ಐದಕ್ಕೆ ಮುಕ್ತಾಯ, ನಡುವೆ ಊಟ. ಅಡುಗೆಯನ್ನೂ ಅವಳೇ ಮಾಡಬೇಕಾದ್ದರಿಂದ ಏಳಕ್ಕೆ ಶುರು ಎಂದು ತಿದ್ದಿದೆ.

ಇವತ್ತು ಬಣ್ಣದ ಪುಡಿ ಹಲಗೆಯ ಮೇಲೆ ಚೆಲ್ಲಿತ್ತು. ಬೆರಳಿನಿಂದ ಸವರಿ ತೋರಿಸಿದೆ, ಮಾತಾಡಲಿಲ್ಲ. ಮಾತಾಡದೆ ತಿದ್ದುವುದೇ ಉತ್ತಮ ವಿಧಾನ. ಅವಳು ನನ್ನ ಬೆರಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟೆ ತಂದು ಒರೆಸಿದಳು.

ಏಪ್ರಿಲ್ ೨೦, ಭಾನುವಾರ

ಅಮ್ಮ ಊಟದ ಹೊತ್ತಿನಲ್ಲಿ, "ನೀನು ದೊರೆ ಪಾತ್ರ ಹಾಕಿ ಬಹಳ ದಿನ ಆಯ್ತಲ್ಲೇ, ಇವತ್ತು ಹಾಕೇ" ಎಂದು ಹೆಂಡತಿಯನ್ನು ಕೇಳಿದಳು.

ಅವಳು ಅನ್ನ ಕಲಸುತ್ತಾ, "ನಾನ್ಯಾಕೆ ಅತ್ತೆ" ಎಂದಳು. "ನೀವು ದಿನಾ ನೋಡ್ತಾನೇ ಇದ್ದೀರಲ್ಲ."

ಅಮ್ಮನಿಗೆ ಯಾಕೋ ನಗು ಬಂತು, ಬಂದದ್ದು ಅರ್ಧಕ್ಕೆ ನಿಂತಿತು. ಇಬ್ಬರೂ ತಟ್ಟೆ ನೋಡಿಕೊಂಡು ಉಂಡರು. ಹೆಂಗಸರ ನಡುವಿನ ಹಾಸ್ಯದಲ್ಲಿ ನಾನು ತಲೆ ಹಾಕುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಹೇಳಿದೆ.

ಏಪ್ರಿಲ್ ೨೬, ಶನಿವಾರ

ಕೋಣೆ ಸ್ವಚ್ಛಗೊಳಿಸಿದೆ. ಅವಳು ತಂಗಿಯ ಮನೆಗೆ ಹೋಗಿದ್ದಳು. ಇಂಥ ಕೆಲಸಕ್ಕೆ ಅದೇ ಸುಸಮಯ. ಏನೇನು ಹೊರಗೆ ಹೋಯಿತೆಂದರೆ: ಮುರಿದ ಬಾಚಣಿಗೆ, ಜೀವಮಾನವಿಡೀ ಕೂಡಿಟ್ಟಂತಿದ್ದ ಐಸ್‌ಕ್ರೀಮಿನ ಕಡ್ಡಿಗಳು, ಬಣ್ಣ ಹಿಡಿದ ಅಮ್ಮನ ಹಳೇ ಚಮಚ, ಅಂಚು ಸೀಳಿದ ಆ ಕೆಮ್ಮಿನ ಔಷಧಿಯ ಕಪ್ಪು. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟಿದ್ದ ಬೇರೆ ಬೇರೆ ಥರದ ಹಳೆಯ ಕೋಸ್ಟರುಗಳನ್ನು ಡಬ್ಬಕ್ಕೆ ಹಾಕಿ ಅಟ್ಟದ ಮೇಲಿಟ್ಟೆ. ಗಮನ ಬೇರೆಡೆಗೆ ಎಳೆಯುತ್ತವೆ.

ಅಳತೆಗೆ ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ ತಂದಿಟ್ಟೆ. ಇನ್ನು ಉಗುರುಬಣ್ಣದ ಗೀಟಿನ ಕಾಲ ಮುಗಿಯಿತು. ಇಷ್ಟು ಗ್ರಾಂ ಇದು, ಅಷ್ಟೇ ಗ್ರಾಂ ಅದು. ಅಂಕಿ ಸುಳ್ಳು ಹೇಳುವುದಿಲ್ಲ.

ಸಂಜೆ ಅವಳು ಬಂದು ಬಾಗಿಲಲ್ಲೇ ನಿಂತಳು. "ನನ್ನ ಕಪ್ಪು ಎಲ್ಲಿ?" ಎಂದಳು.

ಯಂತ್ರ ತೋರಿಸಿದೆ.

"ಎರಡು ಬಾಟಲಿಗೂ ಮಟ್ಟ ಸಮ ಇರಬೇಕು ರೀ, ತೂಕ ಅಲ್ಲ. ಒಂದು ಭಾರ, ಇನ್ನೊಂದು ಹಗುರ. ತೂಕ ಸಮ ಮಾಡಿದ್ರೆ ಅಂಟಂಟು ಉಳಿಯುತ್ತೆ."

ಹೊಸದಕ್ಕೆ ಹೊಂದಿಕೊಳ್ಳುವುದು ಎಲ್ಲರಿಗೂ ಕಷ್ಟ. ಮಳಿಗೆಗೆ ಕಂಪ್ಯೂಟರ್ ಬಂದಾಗ ನಾನೂ ಹೀಗೇ ಏನೋ ಅಂದಿದ್ದೆ. "ನಿನ್ನ ಒಳ್ಳೇದಕ್ಕೇ ಮಾಡಿದ್ದು" ಎಂದು ಸಮಾಧಾನ ಹೇಳಿದೆ. ಅವಳು ಕಸದ ಬುಟ್ಟಿಯ ಮುಚ್ಚಳ ತೆಗೆದು ನೋಡಿದಳು. ಕಸದ ಗಾಡಿ ಆಗಲೇ ಬಂದುಹೋಗಿತ್ತು.

ಮೇ ೬, ಮಂಗಳವಾರ

ವಿಪತ್ತು. ಮೊನ್ನೆ ಸುರಿದ ಇಪ್ಪತ್ತೆರಡೂ ಗಟ್ಟಿಯಾಗಿಲ್ಲ. ಒತ್ತಿದರೆ ಬೆರಳು ಕೂರುತ್ತದೆ. ಎತ್ತಿದರೆ ಬೆರಳಿನ ಗೆರೆಗಳೆಲ್ಲ ಅಚ್ಚೊತ್ತಿ ಉಳಿಯುತ್ತವೆ. ಜಾಡಿಯ ತಳದ ಬೆಲ್ಲದ ಪಾಕದ ಹಾಗೆ. ಶುಕ್ರವಾರ ಒಪ್ಪಿಸಬೇಕು.

ಕಲಕಿದ್ದು ಅವಳು. ಕಾರಣ ಸ್ಪಷ್ಟ. ಆದರೂ ನಾನು ದನಿ ಏರಿಸಲಿಲ್ಲ, ಪೆನ್ನಿನಿಂದ ಮೇಜನ್ನು ಮೆಲ್ಲಗೆ ಬಡಿದು ಗಮನ ಸೆಳೆದೆ, ಅಷ್ಟೇ. "ಸರಿಯಾಗಿ ಕಲಕಬೇಕು ಅಂತ ಇದನ್ನೂ ನಾನೇ ಹೇಳಬೇಕಾ?" ಎಂದೆ.

ಅವಳು ನಗುತ್ತಾಳೇನೋ ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಬಾಯಿ ಓರೆಯಾಯಿತು. ನಗಲಿಲ್ಲ. ತೂಕದ ಯಂತ್ರವನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ, ಅದು ಮೊದಲಿದ್ದ ಜಾಗದಲ್ಲೇ ಇಟ್ಟು ಬಂದಳು. ಅಮ್ಮನ ಕೆಮ್ಮಿನ ಔಷಧಿಯ ಹೊಸ ಬಾಟಲಿಯಿಂದ ಕಪ್ಪು ಕಿತ್ತುಕೊಂಡಳು. ಉಗುರುಬಣ್ಣದಲ್ಲಿ ಗೀಟು ಹಾಕಿ ಊದಿ ಒಣಗಿಸಿದಳು. ಆಮೇಲೆ ಅಂಟಿಕೊಂಡ ಇಪ್ಪತ್ತೆರಡನ್ನೂ ಒಂದೊಂದಾಗಿ ಅಚ್ಚಿನಿಂದ ಕೆರೆದು ತೆಗೆಯಲು ಕೂತಳು. ನಾನೂ ಸಹಕರಿಸುತ್ತಿದ್ದೆ, ಆದರೆ ಆ ವಾಸನೆಗೆ ತಲೆನೋವು ಬಂತು.

ಮೇ ೮, ಗುರುವಾರ

ನಲವತ್ತೂ ಸಿದ್ಧ. ಎಲ್ಲ ಕಲ್ಲಿನ ಹಾಗೆ ಗಟ್ಟಿ. ಎಲ್ಲವೂ ಒಂದೇ ಥರ.

ವಿಧಾನ ಕೊನೆಗೂ ಫಲ ಕೊಟ್ಟಿತು. ಅಮ್ಮನಿಗೆ ಹೇಳಿದೆ. "ನನ್ನ ಔಷಧಿ ಈಗ ಚಮಚದಲ್ಲಿ ಕುಡೀತಿದ್ದೀನಿ" ಎಂದಳು. ವಯಸ್ಸಾಯಿತು, ಮಾತಿಗೂ ಉತ್ತರಕ್ಕೂ ಸಂಬಂಧ ಕಡಿಮೆಯಾಗುತ್ತಿದೆ.

ಮೇ ೯, ಶುಕ್ರವಾರ

ಗೆಲುವು! ಅಲಂಕಾರದಮ್ಮ ತಾನೇ ಮನೆಗೆ ಬಂದು, ಒಂದೊಂದನ್ನೂ ಬೆಳಕಿಗೆ ಹಿಡಿದು, ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿದಳು. "ಅಚ್ಚು ಹೊಡೆದ ಹಾಗಿವೆಯಲ್ಲ, ಹೇಗೆ ಸಾಧ್ಯ ಆಯ್ತು? ಯಾರ ಡಿಸೈನ್ ಇದು?" ಎಂದಳು.

ಟೈಲ್ಸ್ ಜೋಡಣೆಯಲ್ಲಿ ಹದಿನಾರು ವರ್ಷದ ಅನುಭವ ಎಂದೆ. ಬಣ್ಣದ ಹರಿವನ್ನು ಹತೋಟಿಯಲ್ಲಿಡುವ ನನ್ನ ವಿಧಾನವನ್ನು ವಿವರಿಸಿದೆ. ಅಷ್ಟರಲ್ಲಿ ಹೆಂಡತಿ ಚಹಾ ತಂದಳು. ಅಲಂಕಾರದಮ್ಮ ಅವಳ ಬೆರಳುಗಳನ್ನು ನೋಡಿದಳು. ಕೆರೆದು ಕೆರೆದು ಉಗುರ ಸಂದಿನಲ್ಲಿ ನೀಲಿ ಕೂತಿತ್ತು. "ನೀವೂ ಮಾಡ್ತೀರಾ?" ಎಂದು ಕೇಳಿದಳು.

ಹೆಂಡತಿಗೆ ಹೊರಗಿನವರ ಮುಂದೆ ಮಾತಾಡಲು ಸಂಕೋಚ. ನನ್ನ ಕಡೆ ನೋಡಿದಳು. ನಾನೇ ಹೇಳಿದೆ: "ಇವಳು ಸ್ವಲ್ಪ ಸಹಾಯ ಮಾಡ್ತಾಳೆ."

ಚಹಾದ ತಟ್ಟೆ ಅವಳ ಕೈಯಲ್ಲೇ ಇತ್ತು. ಅಲಂಕಾರದಮ್ಮ ಅವಳನ್ನು ನೋಡಿ ಮುಗುಳ್ನಕ್ಕಳು, ಚಿಕ್ಕದಾಗಿ. ಆಮೇಲೆ ಕಪ್ಪನ್ನು ತೆಗೆದುಕೊಂಡು ಕೋಸ್ಟರಿನ ಮೇಲಿಡಹೋದಳು. ಹೆಂಡತಿ ಥಟ್ಟನೆ ಮುಂದೆ ಬಂದು ಕೋಸ್ಟರನ್ನು ಎಳೆದುಕೊಂಡಳು. ಅವಳು ಆಡಿದ್ದು ಅಷ್ಟೇ: "ಇದು ಕುದಿಯೋ ಬಿಸಿ ತಡೆಯಲ್ಲ. ಮೇಲೆ ಚೆನ್ನಾಗಿ ಕಾಣುತ್ತೆ, ಬಿಸಿ ತಾಗಿದ್ರೆ ಗುರುತು ಬೀಳುತ್ತೆ. ಆಮೇಲೆ ಹೋಗಲ್ಲ."

ಒಪ್ಪಿಸುವ ಹೊತ್ತಿನಲ್ಲಿ ಮಾಲಿನ ದೋಷ ಹೇಳುವುದೇ? ಪುಣ್ಯಕ್ಕೆ ಅಲಂಕಾರದಮ್ಮ ನಕ್ಕು, ಆ ಕಚೇರಿಯಲ್ಲಿ ಯಾರೂ ಬಿಸಿಬಿಸಿ ಕುಡಿಯುವವರಿಲ್ಲ ಎಂದಳು. ಇನ್ನೊಂದು ಕಚೇರಿಗೆ ಅರವತ್ತು ಬೇಕಂತೆ. ಕಂದು, ಬಿಳಿ, ಕಪ್ಪು.

ಅವಳು ಹೋದ ಮೇಲೆ ಹೆಂಡತಿಗೆ ವ್ಯಾಪಾರದ ನಡವಳಿಕೆಯ ಬಗ್ಗೆ ನಾಲ್ಕು ಮಾತು ಹೇಳಿದೆ. ಕೇಳಿದಳೋ ಇಲ್ಲವೋ. ಕಪ್ಪು ತೊಳೆಯುತ್ತಿದ್ದಳು, ಮೊದಲೇ ತೊಳೆದಿದ್ದನ್ನೇ.

ಮೇ ೧೦, ಶನಿವಾರ

ಅಮ್ಮ ಬೆಳಿಗ್ಗೆ ನನ್ನ ಪಕ್ಕ ಬಂದು ಕೂತಳು. ಕೂತವಳು ಎದುರು ಮನೆಯ ಕಡೆ ನೋಡಲಿಲ್ಲ, ಅದೇ ವಿಶೇಷ.

"ಮೊನ್ನೆ ಮಾರ್ಚಿನಲ್ಲಿ ನೀನು ಮನೆಗೆ ಬಂದಾಗ ನಿನ್ನ ಮುಖ ಹೇಗಿತ್ತು ಗೊತ್ತಾ?" ಎಂದಳು.

ಹೇಗಿತ್ತು ಎಂದೆ.

"ಒಳಗೆ ಹೋಗಿ ನೋಡ್ಕೊಂಡು ಬಾ. ಪಾತ್ರೆ ತೊಳೀತಿದ್ದಾಳೆ."

ಹೋಗಿ ನೋಡಿದೆ. ಪಾತ್ರೆ ತೊಳೆಯುತ್ತಿದ್ದಳು. ಬೆನ್ನು ಕಂಡಿತು. ಬೆನ್ನಿನಲ್ಲಿ ಮುಖ ಹುಡುಕುವುದು ನನಗೆ ತಿಳಿಯದ ವಿದ್ಯೆ. ಅರವತ್ತರ ಚಾರ್ಟ್ ಬರೆಯುವುದು ಬಾಕಿಯಿತ್ತು, ಬಂದುಬಿಟ್ಟೆ.

ಮೇ ೧೨, ಸೋಮವಾರ

ಅರವತ್ತರ ಕೆಲಸ ಆರಂಭ. ಮೊದಲ ಎಂಟು ಸುರಿದಾಯಿತು. ಅವಳು ಅಳೆದು ಕಲಕಿ ಕೊಟ್ಟಳು, ಕಂದು ಬಣ್ಣದ ಗೆರೆಯನ್ನು ನಾನೇ ಎಳೆದು ನಿಲ್ಲಿಸುತ್ತಿದ್ದೆ. ಮೂರನೆಯ ಅಚ್ಚಿನಲ್ಲಿ ಒಂದು ಕೂದಲು ಬಿದ್ದಿತ್ತು, ಉದ್ದದ್ದು, ತುದಿ ನರೆತದ್ದು. ಸೂಜಿಯಿಂದ ಅದನ್ನು ಹಿಡಿಯುವ ಸೂಕ್ಷ್ಮ ಕೆಲಸದಲ್ಲಿದ್ದೆ. ರೆಸಿನ್ ಗಟ್ಟಿಯಾಗುವ ಮುಂಚೆ ಸಿಗದಿದ್ದರೆ ಅದು ಅಲ್ಲೇ ಶಾಶ್ವತ.

ಹೆಂಡತಿ ಗ್ಲೌಸ್ ಕಳಚುವ ಸದ್ದು ಕೇಳಿತು. ಒಂದೊಂದೇ ಬೆರಳು ಎಳೆದು ಕಳಚುತ್ತಿದ್ದಳು. ಕಳಚಿ ಮೇಜಿನ ಅಂಚಿಗೆ ಜೋಡಿಸಿಟ್ಟಳು. ಉಗುರುಬಣ್ಣದ ಗೀಟಿನ ಕಪ್ಪನ್ನು ಒರೆಸಿ ಅವುಗಳ ಪಕ್ಕ ಇಟ್ಟಳು. ಬಾಗಿಲು ತೆರೆದಳು. ಅಡುಗೆಮನೆಯಿಂದ ಒಗ್ಗರಣೆಯ ಗಾಳಿ ಒಳಗೆ ಬಂತು.

"ನಾಳೆಯಿಂದ ನಾನು ಬರೋದಿಲ್ಲ" ಎಂದಳು.

ಅಡುಗೆಮನೆಯಿಂದ ಈ ಕೋಣೆಗೆ ನಾಲ್ಕು ಹೆಜ್ಜೆ. ಬರದೆ ಹೋಗುವುದಾದರೂ ಎಲ್ಲಿಗೆ? ಕೂದಲಿನ ತುದಿ ಆಗಷ್ಟೇ ಸೂಜಿಗೆ ಸಿಕ್ಕಿತ್ತು. ತಲೆ ಎತ್ತಿದರೆ ಜಾರುತ್ತಿತ್ತು.

"ಬಾಗಿಲು ಹಾಕ್ಕೊಂಡು ಹೋಗು" ಎಂದೆ. "ಧೂಳು ಬರುತ್ತೆ."

ಹಾಕಿಕೊಂಡಳು, ಸದ್ದಾಗದಂತೆ. ಆಮೇಲೆ ಒಂದಷ್ಟು ಹೊತ್ತು ಆಚೆ ಹೆಜ್ಜೆಯ ಸಪ್ಪಳವಿರಲಿಲ್ಲ. ಬಾಗಿಲ ಹಿಂದೆ ನಿಂತು ಏನು ಮಾಡುತ್ತಿದ್ದಳೋ ತಿಳಿಯದು. ಕೂದಲು ಕೈಗೆ ಬಂತು. ನೋಡು, ಸಿಕ್ಕಿತು ಎನ್ನೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಹೊರಟುಹೋಗಿದ್ದಳು.